ಕೋಟಿನ ತೂಕ ಕಳೆದು

ಮಾರ್ಚ್ 5, ಬುಧವಾರ

ಇವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಕಾರಿನಿಂದ ಇಳಿದವರು ನನ್ನ ತೋಳು ಹಿಡಿದುಕೊಂಡು, ಅಂಗಡಿ ದಾಟಿ, ಹಿಂದಿನ ಮನೆಯೊಳಗೆ ಬಂದರು. ಮದುವೆಯಾದಾಗಿನಿಂದ ಬೀದಿಯಲ್ಲಿ ನನ್ನ ತೋಳು ಹಿಡಿದವರಲ್ಲ. ಎದುರುಮನೆಯಾಕೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ನೋಡಿದರೆ ನೋಡಲಿ.

ಹೃದಯಾಘಾತ ದಪ್ಪಗಿರುವವರ ಕಾಯಿಲೆ ಎಂದೇ ನಾನು ನಂಬಿದ್ದೆ. ಎರಡು ವರ್ಷದ ಹಿಂದೆ ಇವರ ತಂಗಿಗೆ ಆದಾಗ ನನಗೆ ಆಶ್ಚರ್ಯವೇನೂ ಆಗಿರಲಿಲ್ಲ. ಅವಳನ್ನು ಚಿಕ್ಕಂದಿನಿಂದ ಎಲ್ಲರೂ ಗುಂಡು ಎಂದೇ ಕರೆಯುವುದು. ಇವರೋ ಮೊದಲಿನಿಂದ ಸಣಕಲು. ಅಂಗಡಿಯ ಕಬ್ಬಿಣದ ಸರಳುಗಳ ಪಕ್ಕ ನಿಂತರೆ ಎಣಿಕೆ ತಪ್ಪುತ್ತದೆ ಎಂದು ನಾನೇ ತಮಾಷೆ ಮಾಡಿದ್ದೇನೆ. "ನಮ್ಮವರಿಗೆ ಆ ಭಯ ಇಲ್ಲ" ಎಂದು ಗುಂಡುವಿನ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಹೊರಡುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ದಪ್ಪ ಇರೋರಿಗೆ ಇದು ಬರೋದು ಜಾಸ್ತಿ, ನಿಜ. ಆದರೆ ಬಂದು ಹೋದ ಮೇಲೆ ತೀರಾ ತೆಳ್ಳಗಿರೋರು ಚೇತರಿಸಿಕೊಳ್ಳೋದು ಕಷ್ಟ. ಮೈಯಲ್ಲಿ ಕೂಡಿಟ್ಟಿದ್ದು ಏನೂ ಇರಲ್ಲ. ಇವರು ಇಲ್ಲೇ ಸಾಕಷ್ಟು ಇಳಿದಿದ್ದಾರೆ. ಇನ್ನೂ ಇಳಿದರೆ, ಇನ್ನೊಂದು ಏಟು ತಡ್ಕೊಳ್ಳೋ ಶಕ್ತಿ ಇರಲ್ಲಮ್ಮ" ಎಂದರು. ಹಾಗಾದರೆ ದಪ್ಪ ಮಾಡಿಬಿಡಲಾ ಎಂದೆ. "ದಪ್ಪ ಅಲ್ಲ, ಗಟ್ಟಿ ಮಾಡಿ. ವಾರಕ್ಕೊಂದು ಸಲ ತೂಕ ನೋಡಿ."

ತೂಕ ನೋಡುವುದನ್ನು ಗುಜರಿ ಅಂಗಡಿಯವರಿಗೆ ಹೇಳಿಕೊಡಬೇಕೆ?

ಈ ಡೈರಿ ರದ್ದಿ ಕಾಗದದ ಜೊತೆ ಬಂದದ್ದು. ಯಾವುದೋ ಹಳೇ ವರ್ಷದ್ದು, ಒಂದು ಹಾಳೆಯೂ ಬಳಸಿಲ್ಲ. ಅಚ್ಚಾದ ವಾರಗಳನ್ನು ಹೊಡೆದುಹಾಕಿ ನಾನೇ ಸರಿಯಾಗಿ ಬರೆದುಕೊಳ್ಳುತ್ತೇನೆ. ಎಲ್ಲಾದರೂ ಹೇಳಿಕೊಳ್ಳಬೇಕು, ಗುಂಡು ಹತ್ತಿರ ಹೇಳಿದರೆ ಬೀದಿಗೆಲ್ಲ ಡಂಗುರ. ನನಗೇನೂ ಭಯವಿಲ್ಲ.

ಮಾರ್ಚ್ 9, ಭಾನುವಾರ

ಭಾನುವಾರ ಅಂಗಡಿಗೆ ರಜೆ, ಹಾಗಾಗಿ ದೊಡ್ಡ ತಕ್ಕಡಿಯೂ ಖಾಲಿ. ಹಳೇ ಪೇಪರಿನ ಕಟ್ಟು, ಮುರಿದ ಸೈಕಲ್ಲು, ಫ್ಯಾನಿನ ಮೋಟಾರು ಎಲ್ಲ ಹತ್ತಿ ಇಳಿಯುವ ಕಬ್ಬಿಣದ ಹಲಗೆಯ ಮೇಲೆ ಇವರನ್ನು ನಿಲ್ಲಿಸಿದೆ.

"ಯಜಮಾನಿ, ನನ್ನನ್ನ ರದ್ದಿ ರೇಟಿಗೆ ತಗೋತೀಯೋ ತಾಮ್ರದ ರೇಟಿಗೋ?" ಎಂದರು.

"ಅಲುಗಾಡಬೇಡಿ. ಮಾಲು ಮಾತಾಡಲ್ಲ" ಎಂದೆ.

ಐವತ್ತೊಂದು ಕೆಜಿ. ಆಸ್ಪತ್ರೆಯವರು ಹೇಳಿದ್ದೂ ಅಷ್ಟೇ. ನಮ್ಮ ತಕ್ಕಡಿ ಎಂದೂ ಸುಳ್ಳು ಹೇಳಿದ್ದಿಲ್ಲ. ಇವರ ವ್ಯಾಪಾರವೇ ಹಾಗೆ; ಬೀದಿಬೀದಿ ಸುತ್ತಿ ಗುಜರಿ ತರುವ ಗಾಡಿಯವರು ಬೇರೆ ಅಂಗಡಿಗಳನ್ನು ದಾಟಿಕೊಂಡು ನಮ್ಮಲ್ಲಿಗೆ ಬರುವುದು ಈ ತಕ್ಕಡಿಯನ್ನು ನಂಬಿ.

ಬೆಳಿಗ್ಗೆ ಮೊಟ್ಟೆ ಬ್ರೆಡ್ಡು, ಹತ್ತು ಗಂಟೆಗೆ ಹಾಲು, ಮಧ್ಯಾಹ್ನ ಅನ್ನ ತರಕಾರಿ, ಸಂಜೆ ಹಣ್ಣು, ರಾತ್ರಿ ಸೂಪು ಎಂದು ನಿಗದಿ ಮಾಡಿದ್ದೇನೆ. ಎದುರಿಗೆ ಕೂತು ತಿನ್ನಿಸುತ್ತೇನೆ. ಮುಂದಿನ ಭಾನುವಾರಕ್ಕೆ ಐವತ್ತೆರಡು ಮಾಡಿ ತೋರಿಸುತ್ತೇನೆ.

ಮಾರ್ಚ್ 13, ಗುರುವಾರ

ಗುಂಡು ಬಂದಿದ್ದಳು. ಬಾಗಿಲಿನಲ್ಲಿ ಅವಳು ನಿಂತರೆ ಒಳಗೆ ಬೆಳಕು ಕಡಿಮೆ. ಎರಡು ವರ್ಷದ ಹಿಂದೆ ಇವಳ ಗತಿ ಮುಗಿಯಿತು ಎಂದುಕೊಂಡಿದ್ದೆವು. ಈಗ ದಿನಾ ಬೆಳಿಗ್ಗೆ ಕೆರೆಯ ಸುತ್ತ ಬೀಸುಗಾಲು ಹಾಕುತ್ತಾಳೆ, ಮೂರು ಮಹಡಿ ಹತ್ತಿ ತನ್ನ ಕಚೇರಿಗೆ ಹೋಗುತ್ತಾಳೆ, ಜೋರಾಗಿ ನಗುತ್ತಾಳೆ. ಅಣ್ಣನ ಕೈ ಹಿಡಿದುಕೊಂಡು, "ನನ್ನಿಂದ ಒಂದಿಷ್ಟು ತಗೋ ಅಣ್ಣ, ಬೇಕಾದಷ್ಟಿದೆ" ಎಂದಳು.

ಇವರು ನಕ್ಕರು. ನನಗೆ ನಗು ಬರಲಿಲ್ಲ. ಹೊಟ್ಟೆಕಿಚ್ಚಾಯಿತು.

ಮಾರ್ಚ್ 16, ಭಾನುವಾರ

ನಲವತ್ತೊಂಬತ್ತೂವರೆ.

ಮೂರು ಸಲ ನಿಲ್ಲಿಸಿ ನೋಡಿದೆ. ಹಲಗೆಯ ಕೆಳಗೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ; ಅಳು ಕೇಳಿಸಬಾರದೆಂದು. ಕೇಳಿಸಿರಲಾರದು.

ಮಾರ್ಚ್ 19, ಬುಧವಾರ

ನಿದ್ದೆ ಇಲ್ಲ. ಇವರ ಉಸಿರನ್ನೇ ಕೇಳುತ್ತಾ ಮಲಗಿರುತ್ತೇನೆ. ಹಗಲು ಅಂಗಡಿಯಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಇವತ್ತು ಒಬ್ಬ ಗಾಡಿಯವನ ಹಿತ್ತಾಳೆಯನ್ನು ಕಬ್ಬಿಣದ ರಾಶಿಗೆ ಎಸೆದು ಅವನಿಂದ ಬೈಸಿಕೊಂಡೆ.

ಮಧ್ಯಾಹ್ನ ತಟ್ಟೆ ಮುಂದಿಟ್ಟು, "ಇದನ್ನ ಮುಗಿಸದೆ ಏಳೋ ಹಾಗಿಲ್ಲ" ಎಂದೆ. ಗಿರಾಕಿ ಕೂಗಿದರೆಂದು ಎದ್ದು ಹೋಗಿ ಬರುವಷ್ಟರಲ್ಲಿ ತಟ್ಟೆ ಖಾಲಿ. ಹೇಳುವ ಹಾಗೆ ಹೇಳಿದರೆ ಕೇಳುತ್ತಾರೆ.

ಮಾರ್ಚ್ 23, ಭಾನುವಾರ

ಐವತ್ತೂವರೆ! ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಬೆಳಿಗ್ಗೆ ಚಳಿ, ಅಂಗಡಿಯ ಹಳೇ ಕೋಟು ತೊಟ್ಟೇ ನಿಲ್ಲುತ್ತೇನೆ ಎಂದರು ಇವರು, ಸರಳು ಎತ್ತುವಾಗ ತೊಡುವ ದಪ್ಪ ಬಟ್ಟೆಯದು. ಬೇಡ ಎಂದರೆ ನಡುಕ ಬರುತ್ತದೆ ಎಂದರು. ಸರಿ, ಮೊದಲು ಖಾಲಿ ಕೋಟನ್ನು ಗೂಟದಿಂದ ತಂದು ಸಣ್ಣ ತಕ್ಕಡಿಯಲ್ಲಿ ತೂಗಿ ಗುರುತು ಹಾಕಿಕೊಂಡೆ. ಚೀಲದ ಸಮೇತ ಬಂದ ಮಾಲಿಗೆ ಚೀಲದ ತೂಕ ಕಳೆಯುತ್ತೇವಲ್ಲ, ಹಾಗೆ. ನನ್ನ ಹತ್ತಿರ ಲೆಕ್ಕ ತಪ್ಪುವುದಿಲ್ಲ. ನಾನು ಒಳಗೆ ಕನ್ನಡಕ ತರುವಷ್ಟರಲ್ಲಿ ಕೋಟು ತೊಟ್ಟು ಹಲಗೆಯ ಮೇಲೆ ತಯಾರಾಗಿ ನಿಂತಿದ್ದರು, ಪಾಪ.

"ನೋಡಿದ್ರಾ? ನನ್ನ ಕೈಯಡುಗೆ" ಎಂದೆ.

"ನೀನು ನಗೋದು ನೋಡಿ ಬಹಳ ದಿನ ಆಗಿತ್ತು" ಎಂದರು.

ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ.

ಮಾರ್ಚ್ 27, ಗುರುವಾರ

ಕೋಟಿನ ಎರಡೂ ಜೇಬು ಹೊಲಿಗೆ ಬಿಟ್ಟು ಜೋತುಬಿದ್ದಿದ್ದವು. ಲಾರಿಯ ಮೇಲೆ ಹೊದಿಸುವ ದಪ್ಪ ಬಟ್ಟೆಯ ತುಂಡು ಕೊಟ್ಟು ಭದ್ರವಾಗಿ ಹೊಲಿದೆ. ಇನ್ನು ಕಲ್ಲು ತುಂಬಿದರೂ ಹರಿಯುವುದಿಲ್ಲ. ಹೊಲಿಯುವುದನ್ನು ಇವರು ಸುಮ್ಮನೆ ನೋಡುತ್ತಾ ಕೂತಿದ್ದರು.

ಗುಂಡು ಸಂಜೆ ಬಂದು, "ಅತ್ತಿಗೆ, ಅಣ್ಣನ ಮುಖ ಯಾಕೋ ಇನ್ನೂ ಚಿಕ್ಕದಾಗಿದೆ" ಎಂದಳು. ನನಗೆ ರೇಗಿತು. "ಕಣ್ಣಳತೆ ಬೇರೆ, ತಕ್ಕಡಿ ಬೇರೆ. ಒಂದು ಕೆಜಿ ಏರಿದ್ದಾರೆ" ಎಂದು ಕಡ್ಡಿ ಮುರಿದಂತೆ ಹೇಳಿದೆ.

ಮಾರ್ಚ್ 30, ಭಾನುವಾರ

ಕೋಟಿನ ತೂಕ ಕಳೆದು ಐವತ್ತೊಂದೂವರೆ. ಆಸ್ಪತ್ರೆಯಿಂದ ಬಂದದ್ದಕ್ಕಿಂತ ಮೇಲೆ. ಹಲಗೆಯಿಂದ ಇಳಿದ ಮೇಲೆ ಪೇಪರಿನ ಕಟ್ಟಿನ ಮೇಲೆ ಬಹಳ ಹೊತ್ತು ಕೂತಿದ್ದರು. ತೂಕ ಏರಿದಾಗ ಮೊದಮೊದಲು ಭಾರ ಅನ್ನಿಸುತ್ತದೇನೋ.

ಅಂಗಡಿಯ ಬೆಕ್ಕು ದುಂಡಗಾಗಿದೆ. ಮರಿ ಹಾಕುತ್ತದೆ ಅಂತ ಕಾಣುತ್ತದೆ.

ಏಪ್ರಿಲ್ 4, ಶುಕ್ರವಾರ

ಬೆಲ್ಟಿಗೆ ಇನ್ನೊಂದು ತೂತು ಹೊಡೆದುಕೊಡು ಎಂದರು. ಹಳೇ ಬೆಲ್ಟು, ಜಗ್ಗಿ ಉದ್ದವಾಗಿದೆ. ಹೊಡೆದುಕೊಟ್ಟೆ. ಕೈಗಡಿಯಾರ ಮೊಣಕೈವರೆಗೆ ಜಾರುತ್ತದೆಂದು ತೆಗೆದಿಟ್ಟಿದ್ದಾರೆ. ಅದರ ಪಟ್ಟಿಯೂ ಹಳೆಯದೇ.

ಎರಡು ಹೊತ್ತು ಮಲಗಿಯೇ ಇರುತ್ತಾರೆ. ವಿಶ್ರಾಂತಿ ಒಳ್ಳೆಯದು.

ಏಪ್ರಿಲ್ 6, ಭಾನುವಾರ

ಐವತ್ತೆರಡೂವರೆ. ಗುರುವಾರ ಆಸ್ಪತ್ರೆಗೆ ಹೋಗಬೇಕು. ಡಾಕ್ಟರಮ್ಮನ ಮುಖ ನೋಡಬೇಕು ನಾನು.

ಏಪ್ರಿಲ್ 10, ಗುರುವಾರ

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕರೆದುಕೊಂಡು ಹೋದೆ. ಕೋಟು ತರುತ್ತೇನೆ ಎಂದು ಇವರು ಹಠ ಹಿಡಿದರು. ಗ್ರೀಸು ಮೆತ್ತಿದ ಕೋಟಿನಲ್ಲಿ ಆಸ್ಪತ್ರೆಗೆ ಬಂದರೆ ನನ್ನ ಮಾನ ಹೋಗುತ್ತದೆ ಎಂದು ಬಿಡಿಸಿದೆ. ನರ್ಸ್ ತೂಕದ ಮೆಷಿನ್ ಮೇಲೆ ನಿಲ್ಲಿಸಿದಳು. ನಲವತ್ತೇಳು ಎಂದಳು.

"ನಿಮ್ಮ ಮೆಷಿನ್ ಕೆಟ್ಟಿದೆ" ಎಂದೆ.

"ಇಲ್ಲಮ್ಮ, ಹೋದ ವಾರ ತಾನೇ ಪರೀಕ್ಷೆ ಮಾಡಿದ್ದಾರೆ."

"ನಾವು ತೂಕದ ವ್ಯಾಪಾರ ಮಾಡೋರು. ನಮ್ಮನೆ ತಕ್ಕಡಿಯಲ್ಲಿ ಭಾನುವಾರ ಐವತ್ತೆರಡೂವರೆ ಇತ್ತು. ನಾಲ್ಕು ದಿನದಲ್ಲಿ ಐದೂವರೆ ಕೆಜಿ ಎಲ್ಲಿಗೆ ಹೋಗುತ್ತೆ? ಬೇರೆ ಮೆಷಿನ್ ತನ್ನಿ."

ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನರ್ಸ್ ಪಾಪ, ತಾನೇ ಹತ್ತಿ ತೋರಿಸಿದಳು. ನಾನು ಪಟ್ಟು ಬಿಡಲಿಲ್ಲ. ಆಗ ಇವರು ಮೆಲ್ಲಗೆ ನನ್ನ ಭುಜ ಮುಟ್ಟಿ, "ಅವರ ಮೆಷಿನ್ ಸರಿಯಾಗಿದೆ ಕಣೆ. ನಮ್ಮ ತಕ್ಕಡಿನೂ ಸರಿಯಾಗಿದೆ. ಕೋಟಿನ ಜೇಬಲ್ಲಿ ಸೀಸ ಇತ್ತು" ಎಂದರು.

ಸೀಸ. ಹಳೇ ಪೈಪುಗಳಿಂದ ಕತ್ತರಿಸಿ ಮೂಲೆಯ ಡಬ್ಬದಲ್ಲಿ ಹಾಕಿಡುವ ತುಂಡುಗಳು. ನೋಡುವುದಕ್ಕೆ ಇಷ್ಟೇ ಇಷ್ಟು, ಎತ್ತಿದರೆ ಕೈ ಜಗ್ಗುತ್ತದೆ. ನಾನು ಕನ್ನಡಕ ತರಲು ಹೋದಾಗಲೆಲ್ಲ ಜೇಬಿಗೆ ತುಂಬಿಕೊಂಡು, ಆಮೇಲೆ ಡಬ್ಬಕ್ಕೆ ವಾಪಸ್ ಹಾಕುತ್ತಿದ್ದರಂತೆ. ಪ್ರತಿ ಭಾನುವಾರ ಒಂದಿಷ್ಟು ಜಾಸ್ತಿ. ನಾನು ಜೇಬನ್ನು ಭದ್ರವಾಗಿ ಹೊಲಿದುಕೊಟ್ಟಿದ್ದೆ. ತಟ್ಟೆಯಲ್ಲಿದ್ದದ್ದು ಬೆಕ್ಕಿಗೆ ಹೋಗುತ್ತಿತ್ತು.

ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಇಬ್ಬರೂ ಕೂತೆವು. ಯಾಕೆ ಎಂದು ಕೇಳಿದೆ.

"ತೂಕ ಇಳಿದ ದಿನ ನೀನು ನಲ್ಲಿ ಬಿಟ್ಕೊಂಡು ಅತ್ತೆ. ವಾರಪೂರ್ತಿ ನಿದ್ದೆ ಮಾಡ್ಲಿಲ್ಲ. ಒಂದೇ ಒಂದು ಸಲ ಅಂತ ಮಾಡಿದೆ. ಅವತ್ತು ನೀನು ಮಲಗಿ ಗೊರಕೆ ಹೊಡೆದೆ. ಆಮೇಲೆ ಇಳಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಗಾಡಿಯವರಿಗೆ ಎಂದೂ ಒಂದು ಗುಲಗಂಜಿ ಮೋಸ ಮಾಡದ ಮನುಷ್ಯ, ಮೊದಲ ಕಳ್ಳತೂಕವನ್ನು ನನಗೆ ಕೊಟ್ಟರು.

ಡಾಕ್ಟರಮ್ಮ ಬಯ್ಯಲಿಲ್ಲ, ಸೀಸ ಮುಟ್ಟಿದರೆ ಕೈ ತೊಳೆಯಿರಿ ಎಂದಷ್ಟೇ ಹೇಳಿ ಪರೀಕ್ಷೆಗಳನ್ನು ಮಾಡಿಸಿದರು. ಹೃದಯ ಹೋದ ಸಲದಷ್ಟೇ ಕೆಲಸ ಮಾಡುತ್ತಿದೆಯಂತೆ. ಕೈಕಾಲಿನ ಮಾಂಸ ಕರಗಿದೆಯಂತೆ. ಇವರನ್ನು ಕುರ್ಚಿಯಿಂದ ಕೈ ಊರದೆ ಏಳಿ ಎಂದರು. ಏಳಲಾಗಲಿಲ್ಲ. ಅದನ್ನು ನಾನು ನೋಡಬಾರದಿತ್ತು. "ಊಟ ಯಾಕೆ ಸೇರ್ತಿಲ್ಲ ಅಂತ ಅವರಿಗೇ ಗೊತ್ತಿರಬಹುದು. ಕೇಳಿ. ಎರಡು ವಾರ ನೋಡ್ತೀನಿ, ಇನ್ನೂ ಇಳಿದರೆ ಒಳಗೆ ಸೇರಿಸ್ಕೊಳ್ಳಬೇಕಾಗುತ್ತೆ" ಎಂದರು.

ಏಪ್ರಿಲ್ 11, ಶುಕ್ರವಾರ

ಮಾತು ಬಿಟ್ಟಿದ್ದೇನೆ. ತಟ್ಟೆ ಇಡುತ್ತೇನೆ, ತೆಗೆಯುತ್ತೇನೆ.

ಭಯವಾಗುತ್ತಿದೆ. ಬರೆದುಬಿಟ್ಟೆ.

ಏಪ್ರಿಲ್ 12, ಶನಿವಾರ

ಗಿರಾಕಿಗಳಿಲ್ಲದ ಹೊತ್ತು. ಇವರು ತಾವಾಗಿಯೇ ಅಂಗಡಿಗೆ ಬಂದು ಎದುರಿಗೆ ಕೂತರು. ನಾನು ತಾಮ್ರದ ತಂತಿಯ ಪ್ಲಾಸ್ಟಿಕ್ ಸುಲಿಯುತ್ತಿದ್ದೆ. ಅವರೂ ಒಂದು ತಂತಿ ತೆಗೆದುಕೊಂಡು ಸುಲಿಯತೊಡಗಿದರು. ಹಾಗೆ ಕೈ ಕೆಲಸದಲ್ಲಿದ್ದಾಗ, ನನ್ನ ಮುಖ ನೋಡದೆ ಹೇಳಿದರು.

"ಅವತ್ತು ನಿನಗೆ ನೆನಪಿದೆಯಾ? ನನಗಿಷ್ಟ ಅಂತ ಎಲ್ಲ ನೀನು ಮಾಡಿದ್ದೆ. ಎರಡೆರಡು ಸಲ ಹಾಕಿಸ್ಕೊಂಡು ತಿಂದೆ. ಹೊಟ್ಟೆ ಬಿರಿಯೋ ಹಾಗಿತ್ತು. ಕೈ ತೊಳೆಯೋಕೆ ಎದ್ದಾಗ ಎದೆ ಹಿಂಡಿತು."

ನೆನಪಿಲ್ಲದೆ ಏನು.

"ಈಗ ನಾಲ್ಕು ತುತ್ತು ಇಳಿದ್ರೆ ಸಾಕು, ಹೊಟ್ಟೆ ತುಂಬ್ತಾ ಬರೋದು ಗೊತ್ತಾಗುತ್ತೆ. ಇನ್ನೊಂದು ತುತ್ತಿಗೆ ಮತ್ತೆ ಬಂದೇ ಬರುತ್ತೆ ಅನ್ನಿಸುತ್ತೆ. ಬೆವರುತ್ತೆ. ಹಸಿದಿರುವಾಗ ಧೈರ್ಯವಾಗಿರುತ್ತೆ ನನಗೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಅಡುಗೆಯಿಂದಲೇ ಬಂತು ಅಂತ ನೀನು ಅಂದ್ಕೋತಿದ್ದೆ. ಆಮೇಲೆ ನೀನು ಒಲೆ ಹಚ್ಚುವಾಗಲೆಲ್ಲ ಅದನ್ನೇ ಯೋಚಿಸ್ತಿದ್ದೆ."

ಅಂದುಕೊಂಡೇ ಅಂದುಕೊಳ್ಳುತ್ತಿದ್ದೆ. ಸುಲಿದ ತಂತಿಯನ್ನೇ ಮತ್ತೆ ಸುಲಿಯುತ್ತಾ ಕೂತೆ. ಇವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು; ಆ ಹೊತ್ತಿಗೆ ಒಬ್ಬ ಗಾಡಿಯವ ಮುರಿದ ಮಂಚ ಹೇರಿಕೊಂಡು ಬಂದ.

ಏಪ್ರಿಲ್ 15, ಮಂಗಳವಾರ

ಗುಂಡುವನ್ನು ನಾನೇ ಕರೆಸಿ ಎಲ್ಲವನ್ನೂ ಹೇಳಿದೆ. ಸೀಸದ ವಿಷಯಕ್ಕೆ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ನನಗೂ ಹಾಗೇ ಆಗಿತ್ತು ಅತ್ತಿಗೆ. ನನಗೆ ಮೆಟ್ಟಿಲು ಹತ್ತುವಾಗ ಬಂದಿತ್ತಲ್ಲ, ಆಮೇಲೆ ಮೂರು ತಿಂಗಳು ಹೊಸ್ತಿಲು ದಾಟೋಕೂ ಹೆದರ್ತಿದ್ದೆ. ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋಗೋಕೆ ಶುರು ಮಾಡಿದ ಮೇಲೆ ಸರಿಹೋಯ್ತು. ಆದ್ರೆ ಮೂರು ತಿಂಗಳು ಹೆದರಿಕೊಂಡು ಕೂರೋಕೆ ನನ್ನ ಮೈಯಲ್ಲಿ ದಾಸ್ತಾನು ಇತ್ತು. ಅಣ್ಣನ ಹತ್ತಿರ ಏನಿದೆ? ಅವನಿಗೆ ಅಷ್ಟು ಪುರುಸೊತ್ತಿಲ್ಲ."

ಅವತ್ತು ಡಾಕ್ಟರಮ್ಮ ಹೇಳಿದ್ದು ನನಗೆ ಸರಿಯಾಗಿ ಅರ್ಥವಾದದ್ದು ಈಗ. ಹಾಗಾದರೆ ದಪ್ಪಗಿರುವುದು ನಿನ್ನ ಅದೃಷ್ಟವೇ ಎಂದು ಕೇಳಿದೆ.

"ಅದೃಷ್ಟ ಏನು ಬಂತು, ಆ ಮೈ ಹೊತ್ಕೊಂಡು ನಡೆಯೋಳು ನಾನು. ನನ್ನ ಮಂಡಿನ ಕೇಳಿ, ಹೇಳುತ್ತೆ" ಎಂದು ಆಮೇಲೆ ನಕ್ಕಳು. ಹೋಗುವಾಗ ಇನ್ನೊಂದು ಮಾತು ಹೇಳಿದಳು: "ನೀವು ಎದುರಿಗೆ ಕೂತು ಬಾಯನ್ನೇ ನೋಡ್ತಿದ್ರೆ ನನಗೇ ಗಂಟಲಲ್ಲಿ ಇಳಿಯಲ್ಲ. ಅಣ್ಣಂಗೆ ಇಳಿಯುತ್ತಾ?"

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳಿಗೆ ಎರಡು ಮೊಟ್ಟೆ ಬೇಯಿಸಿ ಕೊಟ್ಟೆ.

ಏಪ್ರಿಲ್ 22, ಮಂಗಳವಾರ

ಆಸ್ಪತ್ರೆಯ ಕೆಳಮಹಡಿಯಲ್ಲಿ ವ್ಯಾಯಾಮದ ಕೋಣೆ. ಹೃದಯ ರಿಪೇರಿಯಾದವರೆಲ್ಲ ಅಲ್ಲಿ ನಡೆಯುತ್ತಾರೆ, ಸಣ್ಣ ಭಾರಗಳನ್ನು ಎತ್ತುತ್ತಾರೆ. ತೂಕದ ಮೆಷಿನ್ ಬಳಿ ನಾನು ಜಗಳಾಡಿದ್ದ ಅದೇ ನರ್ಸ್ ಅಲ್ಲಿಯೂ ಇರುತ್ತಾಳೆ. ಇವತ್ತು ಅವಳಿಗೆ ಇವರ ಭಯದ ವಿಷಯ ಹೇಳಿದೆ. ಯೋಚಿಸಿ, "ಇಲ್ಲೇ ತಿನ್ನಲಿ. ತಿಂದು ಸ್ವಲ್ಪ ಕೂತು, ಆಮೇಲೆ ನಿಧಾನಕ್ಕೆ ನಡೀಲಿ. ನಾವು ನೋಡ್ಕೋತೀವಿ" ಎಂದಳು. ಡಾಕ್ಟರಮ್ಮನನ್ನೂ ಕೇಳಿಕೊಂಡು ಬಂದಳು.

ಇವರು ಎದೆಗೆ ತಂತಿ ಅಂಟಿಸಿಕೊಂಡು ಒಂದು ಬಾಳೆಹಣ್ಣು, ಎರಡು ಚೂರು ಬ್ರೆಡ್ಡು, ಒಂದು ಮೊಟ್ಟೆ ತಿಂದರು. ಹಣೆ ಬೆವರಿತು. ನರ್ಸ್ ಪರದೆಯನ್ನು ಇವರ ಕಡೆ ತಿರುಗಿಸಿದಳು. ಹಸಿರು ಗೆರೆ ಏರಿ ಇಳಿದು, ಏರಿ ಇಳಿದು, ತನ್ನ ಪಾಡಿಗೆ ಓಡುತ್ತಿತ್ತು. ಆಮೇಲೆ ಮೆಷಿನ್ನಿನ ಉರುಳುವ ಪಟ್ಟಿಯ ಮೇಲೆ ನಡೆದರು.

"ಹೊಟ್ಟೆ ತುಂಬಿದಾಗಲೂ ಹೀಗೇನಾ ಇದು?" ಎಂದು ನರ್ಸನ್ನು ಕೇಳಿದರು.

"ಈಗ ತುಂಬಿದೆಯಲ್ಲ ಸಾರ್. ನೀವೇ ನೋಡ್ತಿದ್ದೀರಲ್ಲ."

ಕಣ್ಣು ಕೀಳದೆ ನೋಡುತ್ತಿದ್ದರು. ಅಂಗಡಿಗೆ ಬಂದ ಮಾಲನ್ನು ಪರೀಕ್ಷಿಸುವಾಗ ಹಾಗೆ ನೋಡುತ್ತಾರೆ, ಅಸಲಿಯೋ ನಕಲಿಯೋ ಎಂದು.

ಏಪ್ರಿಲ್ 24, ಗುರುವಾರ

ಆಸ್ಪತ್ರೆಯಲ್ಲಿ ನಲವತ್ತೇಳೇ. ಏರಿಲ್ಲ, ಇಳಿದಿಲ್ಲ. "ನಿಂತಿದೆಯಲ್ಲ, ಅದೇ ಮೊದಲು ಬೇಕಾಗಿದ್ದು. ಮನೇಲೇ ಇರಲಿ" ಎಂದರು ಡಾಕ್ಟರಮ್ಮ. ಗೆದ್ದಂತೆಯೇ ಎಂದು ಕೇಳಿದೆ. "ಅಷ್ಟು ಬೇಗ ನಾನು ಮಾತು ಕೊಡಲ್ಲ" ಎಂದರು. ಕೊಡದಿರುವುದೇ ಒಳ್ಳೆಯದು.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಇಬ್ಬರೂ ಬೀದಿಯ ತುದಿಯವರೆಗೆ ನಡೆದು ಬಂದೆವು. ಅವರು ಜೋಡು ಹಾಕಿಕೊಳ್ಳುವಾಗ ಗೋಡೆ ಹಿಡಿದರು, ನನ್ನನ್ನು ಹಿಡಿಯಲಿಲ್ಲ. ಊಟಕ್ಕೆ ಏನು ಮಾಡಲಿ ಎಂದು ಕೇಳಿದೆ. ಆಲೂಗಡ್ಡೆ ಎಂದರು. ನಾನು ನನ್ನ ತಟ್ಟೆ ನೋಡಿಕೊಂಡು ಊಟ ಮಾಡಿದೆ. ಕತ್ತು ನೋಯುವಷ್ಟು ಬಗ್ಗಿಕೊಂಡೇ ತಿಂದೆ, ಹಾಳಾದ್ದು ಕಣ್ಣು ಮೇಲೇಳುತ್ತಿತ್ತು.

ಏಪ್ರಿಲ್ 30, ಬುಧವಾರ

ಇವತ್ತು ಸ್ವಲ್ಪ ತಿಂದು ಬಿಟ್ಟುಬಿಟ್ಟರು. ಬೆವರಿದರು. ತಟ್ಟೆಯನ್ನು ಅತ್ತ ಸರಿಸಿದೆ. ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ, "ಹೋಯ್ತು" ಎಂದರು. ಮತ್ತೆ ಹಾಲು ಕುಡಿದರು.

ಮೇ 6, ಮಂಗಳವಾರ

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮುಚ್ಚಿದ ಛಾಪಖಾನೆಯ ಸಾಮಾನು ಒಂದು ಲಾರಿ ತುಂಬ ಬಂತು. ಅಡುಗೆ ಮಾಡಿಟ್ಟು, ನೀವು ಊಟ ಮಾಡಿ, ನನ್ನದು ಹಾಗೇ ಇರಲಿ ಎಂದು ಹೇಳಿ ಹೋದವಳು, ಬೆಲೆ ಮಾತಾಡಿ, ತೂಗಿಸಿ, ಇಳಿಸಿಕೊಳ್ಳುವಷ್ಟರಲ್ಲಿ ಹೊತ್ತು ಇಳಿದಿತ್ತು. ಒಳಗೆ ಬಂದು ಕೈ ತೊಳೆದು ಪಾತ್ರೆಯ ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಇನ್ನೊಂದು ಪಾತ್ರೆ ತೆಗೆದೆ. ಅದೂ ಖಾಲಿ. ಸಿಂಕಿನಲ್ಲಿ ಒಂದೇ ತಟ್ಟೆ.

ಬೆಕ್ಕು ಬೆಳಗಿನಿಂದ ಅಂಗಡಿಯಲ್ಲಿ ನನ್ನ ಕಾಲಬಳಿಯೇ ಮಲಗಿತ್ತು. ಅದನ್ನು ನಾನೇ ನೋಡಿದ್ದೇನೆ.

ಇವರು ಕಿಟಕಿಯ ಬಳಿ ಕೂತು ಪೇಪರ್ ಓದುತ್ತಿದ್ದರು. ನನ್ನ ಪಾಲು ಎಲ್ಲಿ ಎಂದೆ.

"ನಿನ್ನ ಪಾಲಾ?" ಪೇಪರ್ ಕೆಳಗಿಟ್ಟರು. ಮುಖದಲ್ಲಿ ಕಳ್ಳ ಕಳೆ. "ಓದ್ತಾ ಓದ್ತಾ ಹಾಕ್ಕೊಂಡೆ ಕಣೆ. ಎಷ್ಟು ತಿಂದೆ ಅಂತ ಗೊತ್ತೇ ಆಗ್ಲಿಲ್ಲ."

"ಬೆಳಿಗ್ಗೆಯಿಂದ ದುಡಿದು ಬಂದವಳಿಗೆ ಒಂದು ತುತ್ತು ಉಳಿಸಬೇಕು ಅಂತ ಬೇಡವಾ? ನಾಚಿಕೆ ಆಗಲ್ವಾ ನಿಮಗೆ?" ಎಂದು ಬೈದೆ. ಚೆನ್ನಾಗಿಯೇ ಬೈದೆ. ಎದುರುಮನೆಯಾಕೆ ಕಿಟಕಿ ತೆರೆದಳು.

"ತಪ್ಪಾಯ್ತು" ಎಂದರು, ಆರಾಮಾಗಿ.

ಡಬ್ಬದಲ್ಲಿ ಎರಡು ಚೂರು ಒಣ ಬ್ರೆಡ್ಡು ಇತ್ತು. ತಿಂದು, ನೀರು ಕುಡಿದು, ಅಂಗಡಿಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆ ಚುರುಗುಟ್ಟುತ್ತಿದೆ. ಇಷ್ಟು ಸುಖವಾಗಿ ನಾನು ಎಂದೂ ಹಸಿದಿರಲಿಲ್ಲ.